ಅಳೆದ ಕೈ ಯಾವುದು?

ನಮ್ಮ ಹಳೆಯ ಮನೆಯ ನಡುಮನೆಯ ಗೋಡೆಯಲ್ಲಿ ಒಂದು ಗೂಡಿತ್ತು. ದೀಪವಿಡಲೆಂದು ಕಟ್ಟಿಸಿದ್ದು, ಕರೆಂಟು ಬಂದ ಮೇಲೆ ಮನೆಯ ಅಳತೆಯ ಸಾಮಾನುಗಳೆಲ್ಲ ಒಂದೊಂದಾಗಿ ಬಂದು ಅಲ್ಲಿ ಬಿಡಾರ ಹೂಡಿದ್ದವು. ಹಿತ್ತಾಳೆಯ ಸೇರು, ಪಾವು, ಚಟಾಕು. ಅಂಚು ಸವೆದ ಅಡಿಪಟ್ಟಿ. ಹಬ್ಬದ ಮುಂಚೆ ಮನೆಗೇ ಬಂದು ಬಟ್ಟೆ ಹೊಲಿದುಕೊಡುತ್ತಿದ್ದ ದರ್ಜಿ ಬಿಟ್ಟುಹೋದ ಟೇಪು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಬಂಗಾರದ ತಕ್ಕಡಿ, ಅದರ ಪಕ್ಕದ ಡಬ್ಬಿಯಲ್ಲಿ ಗುಲಗಂಜಿ. ಇವೆಲ್ಲದರ ಹಿಂದೆ, ಮಕ್ಕಳ ಕೈಗೆ ಎಟುಕದಂತೆ, ಕಪ್ಪು ಕೊಳವೆಯೊಳಗೆ ಮಲಗಿದ್ದ ಥರ್ಮಾಮೀಟರು. ಧಾನ್ಯ, ಬಟ್ಟೆ, ಚಿನ್ನ, ಜ್ವರ, ಹೀಗೆ ಒಂದು ಸಂಸಾರಕ್ಕೆ ಬೇಕಾದ ಸಮಸ್ತ ಮಾಪನಶಾಸ್ತ್ರವೂ ಒಂದು ಮೊಳ ಅಗಲದ ಆ ಗೂಡಿನೊಳಗೆ ನೆಮ್ಮದಿಯಾಗಿ ಇತ್ತು.

ಅಜ್ಜಿ ಅಕ್ಕಿ ಅಳೆಯುವುದನ್ನು ನೋಡುವುದೇ ಒಂದು ಸೊಗಸು. ಮೊದಲ ಸೇರಿಗೆ ಒಂದು ಎನ್ನದೆ ‘ಲಾಭ’ ಎಂದು ಶುರುಮಾಡಿ, ಎರಡು, ಮೂರು ಎಂದು ರಾಗವಾಗಿ ಎಣಿಸುತ್ತಾ ಹೋಗುವಳು. ಕೆಲಸದವರಿಗೆ ಕೂಲಿ ಅಳೆಯುವಾಗ ಸೇರಿನ ಮೇಲೆ ಗೋಪುರ ಏಳಲೇಬೇಕು, ನಾಲ್ಕು ಕಾಳು ಆಚೀಚೆ ಉದುರಲೇಬೇಕು. ಕೈಗಡ ಕೊಟ್ಟದ್ದು ತಿರುಗಿ ಬಂದಾಗ ಮಾತ್ರ ಅಂಗೈಯಿಂದ ಅಂಚಿಗೆ ಸರಿಯಾಗಿ ಸವರಿ, ಮಿಕ್ಕಿದ್ದನ್ನು ತಂದವರ ಚೀಲಕ್ಕೇ ಹಾಕಿಬಿಡುವಳು. ಸೇರು ಅದೇ, ಅಕ್ಕಿ ಅದೇ, ಕೈಯೂ ಅದೇ, ಆದರೆ ಆ ಸೇರಿಗೂ ಈ ಸೇರಿಗೂ ಒಂದು ಹಿಡಿ ಅಕ್ಕಿಯ ವ್ಯತ್ಯಾಸ. ಊರಿನ ಇನ್ನು ಕೆಲವು ಮನೆಗಳಲ್ಲಿ ಗೇಣಿ ಅಳೆಯುವಾಗ ಇದೇ ಕೆಲಸ ತಿರುಗಾಮುರುಗಾ ನಡೆಯುತ್ತಿತ್ತು: ಒಳಗೆ ಬರುವುದಕ್ಕೆ ಗೋಪುರ, ಹೊರಗೆ ಹೋಗುವುದಕ್ಕೆ ಸವರಿದ ಸೇರು. ಅಳತೆಯ ಪಾತ್ರೆಯಲ್ಲಿ ಮೋಸವಿಲ್ಲದಿದ್ದರೂ ಅಳತೆಯಲ್ಲಿ ಅನ್ಯಾಯ ಇರಬಹುದು ಎಂಬುದನ್ನು ನನಗೆ ಕಲಿಸಿದ್ದು ಯಾವ ಗ್ರಂಥವೂ ಅಲ್ಲ, ಆ ಗೋಪುರದ ಕಾಳುಗಳು.

ಇದು ನಮ್ಮೂರಿನ ಸಂಗತಿ ಮಾತ್ರ ಎಂದುಕೊಳ್ಳಬೇಡಿ. 1789ರಲ್ಲಿ ಫ್ರಾನ್ಸಿನ ದೊರೆ ತನ್ನ ಪ್ರಜೆಗಳ ಅಹವಾಲು ಕೇಳಿದಾಗ ಹಳ್ಳಿಹಳ್ಳಿಗಳಿಂದ ಬಂದ ದೂರುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸಿದ್ದು ಇದೇ: ಜಮೀನುದಾರನ ಕೊಳಗ ಬೇರೆ, ಸಂತೆಯ ಕೊಳಗ ಬೇರೆ, ದಯಮಾಡಿ ದೇಶಕ್ಕೆಲ್ಲ ಒಂದೇ ಅಳತೆ ಮಾಡಿ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಮೀಟರು, ಕಿಲೋಗ್ರಾಮುಗಳ ಹಿಂದೆ ಇರುವುದು ವಿಜ್ಞಾನಿಗಳ ಕುತೂಹಲ ಎಷ್ಟೋ, ರೈತರ ಹೊಟ್ಟೆಯ ಉರಿಯೂ ಅಷ್ಟೇ. ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಕೋಟಿಯಲ್ಲಿ ಒಂದು ಪಾಲು ಮೀಟರಾಗಲಿ ಎಂದು ನಿಶ್ಚಯಿಸಿ, ದೆಲಾಂಬ್ರ ಮತ್ತು ಮೆಶೆನ್ ಎಂಬ ಇಬ್ಬರು ಖಗೋಳಜ್ಞರು 1792ರಿಂದ ವರ್ಷಗಟ್ಟಲೆ, ಕ್ರಾಂತಿಯ ಗದ್ದಲದ ನಡುವೆ, ಡಂಕರ್ಕ್‌ನಿಂದ ಬಾರ್ಸಿಲೋನಾವರೆಗೆ ಬೆಟ್ಟ ಹತ್ತಿ ಗೋಪುರ ಏರಿ ಭೂಮಿಯನ್ನು ಅಳೆದರು. ಯಾವ ದೊರೆಯ ಪಾದವೂ ಅಲ್ಲ, ಯಾವ ಧಣಿಯ ಕೊಳಗವೂ ಅಲ್ಲ, ಎಲ್ಲರ ಕಾಲಡಿಯ ನೆಲವೇ ಅಳತೆಗೋಲು. ಇಂಥ ಉದಾತ್ತ ಯೋಚನೆ ಮನುಷ್ಯರಿಗೆ ಆಗಾಗ ಹೊಳೆಯುತ್ತದೆ ಎನ್ನುವುದೇ ನನಗೆ ಬದುಕಿನ ಮೇಲೆ ವಿಶ್ವಾಸ ಹುಟ್ಟಿಸುವ ವಿಷಯ.

ಆಮೇಲೆ 1889ರಲ್ಲಿ ಪ್ಲಾಟಿನಂ ಮತ್ತು ಇರಿಡಿಯಂ ಬೆರೆಸಿದ, 39 ಮಿಲಿಮೀಟರ್ ಎತ್ತರದ ಒಂದು ಉರುಳೆಯನ್ನು ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಗಾಜಿನ ಗುಮ್ಮಟದೊಳಗೆ ಇಟ್ಟು, ಲೋಕದ ಕಿಲೋಗ್ರಾಂ ಇದೇ ಎಂದರು. ಅದರ ಪ್ರತಿಗಳು ದೇಶದೇಶಗಳಿಗೆ ಹೋದವು. ನಮ್ಮ ಪಾಲಿಗೆ ಬಂದ 57ನೆಯ ನಂಬರಿನದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ನೂರು ವರ್ಷ ಕಳೆದು ಮೂಲವನ್ನೂ ಪ್ರತಿಗಳನ್ನೂ ಹೋಲಿಸಿ ನೋಡಿದರೆ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ. ಒಂದು ಸಣ್ಣ ಮರಳಿನ ಕಣದ ತೂಕವೂ ಇಲ್ಲ ಎನ್ನಬಹುದಾದಷ್ಟು. ಅಷ್ಟಕ್ಕೇ ಲೋಕದ ಮಾಪನಶಾಸ್ತ್ರಜ್ಞರಿಗೆಲ್ಲ ನಿದ್ದೆ ಕೆಟ್ಟು, ದಶಕಗಳ ಕಾಲ ದುಡಿದು, 2019ರ ಮೇ 20ರಿಂದ ಕಿಲೋಗ್ರಾಂ ಎನ್ನುವುದನ್ನು ಆ ಲೋಹದ ತುಂಡಿನಿಂದ ಬಿಡಿಸಿ ಪ್ಲಾಂಕ್ ಸ್ಥಿರಾಂಕಕ್ಕೆ ಕಟ್ಟಿದರು. ಬೇಳೆ ತರುವ ನಮಗೆ ಇದರಿಂದ ಒಂದು ಕಾಳೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಆದರೂ ನನಗೆ ಆ ಜನರ ಮೇಲೆ ಅಪಾರ ಗೌರವ. ತಮ್ಮ ಅಳತೆ ಎಷ್ಟು ತಪ್ಪಿರಬಹುದು ಎಂದು ತಾವೇ ಕೇಳಿಕೊಂಡು, ಉತ್ತರವನ್ನು ಬಹಿರಂಗವಾಗಿ ಬರೆದಿಡುವ ಜನ ಅವರು. ಅವರ ಯಾವ ಸಂಖ್ಯೆಯೂ ಒಂಟಿಯಾಗಿ ಹೊರಗೆ ಬರುವುದಿಲ್ಲ. ಪಕ್ಕದಲ್ಲಿ ‘ಇಷ್ಟು ಆಚೀಚೆ ಇರಬಹುದು’ ಎಂಬ ಇನ್ನೊಂದು ಸಂಖ್ಯೆ ಇದ್ದೇ ಇರುತ್ತದೆ.

ನಮ್ಮ ಬೆಂಗಳೂರಿನ ನೆಲಕ್ಕೂ ಈ ಶಾಸ್ತ್ರದ ಜತೆ ಹಳೆಯ ನಂಟಿದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಇಲ್ಲಿಯ ಬಯಲಿನಲ್ಲಿ ಏಳು ಮೈಲಿಗೂ ಮಿಕ್ಕ ಒಂದು ಆಧಾರರೇಖೆಯನ್ನು ಅಳೆದ. ಅವನ ಕೈಯಲ್ಲಿದ್ದ ನೂರು ಅಡಿಯ ಉಕ್ಕಿನ ಸರಪಳಿ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಯಾರಿಗೂ ಬೇಡವಾಗಿ, ಕಲ್ಕತ್ತೆಗೆ ಬಂದು ಬಿದ್ದಿದ್ದದ್ದು. ಚಕ್ರವರ್ತಿ ಒಲ್ಲೆನೆಂದ ವಸ್ತು ನಮ್ಮ ರಾಗಿ ಹೊಲಗಳ ನಡುವೆ ಸಾರ್ಥಕವಾಯಿತು. ಅದನ್ನು ಸುಮ್ಮನೆ ನೆಲದ ಮೇಲೆ ಎಳೆದುಕೊಂಡು ಹೋಗುವ ಹಾಗಿಲ್ಲ: ಮರದ ದೋಣಿಗಳಲ್ಲಿ ಮಲಗಿಸಬೇಕು, ಬಿಸಿಲು ತಾಕದಂತೆ ಡೇರೆ ಹಾಕಬೇಕು, ಪಕ್ಕದಲ್ಲಿ ಥರ್ಮಾಮೀಟರು ಇಡಬೇಕು. ಬಿಸಿಗೆ ಉಕ್ಕು ಹಿಗ್ಗುತ್ತದಲ್ಲ, ಸರಪಳಿಗೆ ಎಷ್ಟು ಜ್ವರ ಎಂದು ಬರೆದುಕೊಂಡರೆ ಮಾತ್ರ ಅದು ಹೇಳಿದ ಉದ್ದವನ್ನು ತಿದ್ದಿಕೊಳ್ಳಬಹುದು.

ಜ್ವರದ ಮಾತು ಬಂತು; ಗೂಡಿನ ಮೂಲೆಯ ಥರ್ಮಾಮೀಟರಿಗೆ ಹೋಗೋಣ. ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ಅಪ್ಪ ಅದನ್ನು ಹೊರತೆಗೆದು, ಝಾಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಪಾದರಸದ ಗೆರೆ ಕೆಳಗಿಳಿದಿದೆಯೇ ಎಂದು ನೋಡುತ್ತಿದ್ದರು. ಅಜ್ಜಿ ಮಾತ್ರ ಅಂಗೈ ಒಲೆಯ ಕೆಲಸದಿಂದ ಕಾದಿರುತ್ತದೆ ಎಂದು ಕೈಯ ಹಿಂಬದಿಯನ್ನು ನಮ್ಮ ಹಣೆಗೆ ಮುಟ್ಟಿಸಿ ತೀರ್ಪು ಕೊಡುವಳು. ತನ್ನ ಉಪಕರಣದ ದೋಷವನ್ನು ಅರಿತು ಅದನ್ನು ತಪ್ಪಿಸಿಕೊಳ್ಳುವ ಉಪಾಯವೂ ಅವಳಿಗೆ ಗೊತ್ತಿತ್ತು. ಜ್ವರವನ್ನು ಅಂಕೆಯಲ್ಲಿ ಹಿಡಿಯುವ ಆಸೆ ವೈದ್ಯರಿಗೆ ಹುಟ್ಟಿ ಬಹಳ ಕಾಲವೇನೂ ಆಗಿಲ್ಲ. ಇಟಲಿಯ ಸಾಂತೋರಿಯೋ, ಗೆಲಿಲಿಯೋನ ಸಮಕಾಲೀನ, ಗಾಜಿನ ನಳಿಗೆಗೆ ಗೆರೆ ಹಾಕಿ ಮೈಯ ಬಿಸಿ ನೋಡಲು ಹೊರಟವರಲ್ಲಿ ಮೊದಲಿಗ. ಆ ಪುಣ್ಯಾತ್ಮ ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲಿ ತಾನೇ ಕುಳಿತು, ಉಂಡದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ವರ್ಷಾನುವರ್ಷ ತೂಗಿ ನೋಡಿದ. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಎಷ್ಟೋ ಕಡಿಮೆ. ಮಿಕ್ಕದ್ದು ಕಣ್ಣಿಗೆ ಕಾಣದ ಬೆವರಾಗಿ ಹೋಗುತ್ತದೆ ಎಂದು 1614ರಲ್ಲಿ ಪುಸ್ತಕ ಬರೆದ. ದೇಹದ ಜಮಾಖರ್ಚನ್ನು ತಕ್ಕಡಿಯಲ್ಲಿಟ್ಟು ನೋಡಬಹುದು ಎಂಬ ವಿಚಾರ ಅಲ್ಲಿಂದ ವೈದ್ಯಕ್ಕೆ ಬಂತು.

ನಮ್ಮ ಚರಕಾಚಾರ್ಯರು ಇನ್ನೊಂದು ದಾರಿ ಹಿಡಿದಿದ್ದರು. ಮನುಷ್ಯನ ಎತ್ತರ 84 ಅಂಗುಲ, ರಕ್ತ ಎಂಟು ಬೊಗಸೆ ಎನ್ನುತ್ತದೆ ಸಂಹಿತೆ. ಆದರೆ ಅಂಗುಲವೂ ಬೊಗಸೆಯೂ ವೈದ್ಯನದಲ್ಲ, ರೋಗಿಯವೇ. ನಿನ್ನ ದೇಹಕ್ಕೆ ನಿನ್ನ ಬೆರಳೇ ಅಳತೆ. ಈ ದಾರಿಯಲ್ಲಿ ಒಬ್ಬನನ್ನು ಇನ್ನೊಬ್ಬನ ಜತೆ ಹೋಲಿಸುವುದು ಕಷ್ಟ, ನಿಜ. ಆದರೆ ಎತ್ತರದವನಿಗೂ ಕುಳ್ಳನಿಗೂ ಒಂದೇ ಗೆರೆ ಎಳೆಯಬಾರದೆಂಬ ವಿವೇಕ ಅದರಲ್ಲಿದೆ. ಆ ವಿವೇಕದ ಕೊರತೆಯೇ ಮುಂದೆ ನಮ್ಮನ್ನು ಕಾಡಿದ್ದು.

ಸರಿ, ಥರ್ಮಾಮೀಟರು. ಅದರ ಗಾಜಿನ ಮೇಲೆ 98.6ರ ಹತ್ತಿರ ಒಂದು ಕೆಂಪು ಬಾಣವಿತ್ತು. ಬಾಣ ದಾಟಿದರೆ ಶಾಲೆಗೆ ರಜಾ, ದಾಟದಿದ್ದರೆ ಚೀಲ ಹೆಗಲಿಗೆ. ಆ ಸಂಖ್ಯೆಯನ್ನು ಲೋಕಕ್ಕೆ ಕೊಟ್ಟಾತ ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ವುಂಡರ್ಲಿಖ್. ಸುಮಾರು 25,000 ರೋಗಿಗಳ ಕಂಕುಳಲ್ಲಿ ಒಂದು ಅಡಿ ಉದ್ದದ ಥರ್ಮಾಮೀಟರು ಇಟ್ಟು, ಹತ್ತು ಲಕ್ಷಕ್ಕೂ ಹೆಚ್ಚು ಸಲ ಅಳೆದು, 1868ರಲ್ಲಿ ಗ್ರಂಥ ಪ್ರಕಟಿಸಿದ. ಜ್ವರ ರೋಗವಲ್ಲ, ರೋಗದ ಲಕ್ಷಣ ಎಂದು ವೈದ್ಯಲೋಕಕ್ಕೆ ಮನದಟ್ಟು ಮಾಡಿಸಿದ್ದು ಅವನೇ. ಅವನು ಹೇಳಿದ್ದು ಸೆಲ್ಸಿಯಸ್‌ನಲ್ಲಿ 37 ಡಿಗ್ರಿ ಎಂಬ ದುಂಡಗಿನ ಸರಾಸರಿ, ಅದೂ ದಿನದ ಹೊತ್ತಿನೊಡನೆ ಏರಿಳಿಯುತ್ತದೆ ಎಂಬ ಎಚ್ಚರಿಕೆಯ ಜತೆಗೆ. ಅದನ್ನು ಯಾರೋ ಗುಣಿಸಿ ಕೂಡಿ ಫ್ಯಾರನ್‌ಹೀಟ್ ಮಾಡಿದರು, 98.6 ಬಂತು, ಆ ಬಿಂದುವಿನ ಬಲಗಡೆಯ ಆರು ದೊಡ್ಡ ನಿಖರತೆಯ ಠೀವಿಯಿಂದ ಕೂತುಬಿಟ್ಟಿತು. 1992ರಲ್ಲಿ ಅಮೆರಿಕದ ಮಕೋವಿಯಾಕ್ ಮತ್ತು ಸಂಗಡಿಗರು ಆರೋಗ್ಯವಂತರನ್ನು ಹೊಸದಾಗಿ ಅಳೆದಾಗ ಸರಾಸರಿ 98.2ರ ಆಸುಪಾಸು ಬಂತು. ಮುಂದೆ ವುಂಡರ್ಲಿಖ್‌ನ ಕಾಲದ ಥರ್ಮಾಮೀಟರೊಂದನ್ನು ವಸ್ತುಸಂಗ್ರಹಾಲಯದಿಂದ ತರಿಸಿ ನೋಡಿದರೆ ಅದು ಈಗಿನವಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಒಂದು ಪೀಳಿಗೆಯಲ್ಲ, ನಾಲ್ಕೈದು ಪೀಳಿಗೆಯ ತಾಯಂದಿರು ಅದೊಂದೇ ಬಾಣ ನೋಡಿ ಹೆದರಿದ್ದಾರೆ, ಸಮಾಧಾನ ಪಟ್ಟಿದ್ದಾರೆ.

ರಕ್ತದೊತ್ತಡದ ಕಥೆ ಇನ್ನೂ ದೊಡ್ಡದು. 1733ರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್, ಕಟ್ಟಿಹಾಕಿದ ಹೆಣ್ಣು ಕುದುರೆಯೊಂದರ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿ, ರಕ್ತ ಎಂಟು ಅಡಿಗೂ ಮೇಲೆ ಏರಿದ್ದನ್ನು ಕಂಡು ಬರೆದ. ಆ ಮೂಕಪ್ರಾಣಿಯ ಸಂಕಟ ನೆನೆದರೆ ಈಗಲೂ ಮನಸ್ಸು ಕುಗ್ಗುತ್ತದೆ. ಮನುಷ್ಯರಿಗೆ ನೋವಿಲ್ಲದೆ ಅಳೆಯುವ ತೋಳಪಟ್ಟಿಯನ್ನು 1896ರಲ್ಲಿ ಇಟಲಿಯ ರಿವಾ-ರೋಚಿ ಕೊಟ್ಟ. ಪಟ್ಟಿ ಸಡಿಲಿಸುವಾಗ ಸ್ಟೆತಾಸ್ಕೋಪಿನಲ್ಲಿ ಕೇಳುವ ಸದ್ದು ಯಾವಾಗ ಹುಟ್ಟಿತು, ಯಾವಾಗ ಅಡಗಿತು ಎಂಬುದರಿಂದ ಮೇಲಿನ ಕೆಳಗಿನ ಎರಡೂ ಸಂಖ್ಯೆ ಹಿಡಿಯಬಹುದೆಂದು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ತೋರಿಸಿದ. ನೂರಾರು ವರ್ಷದ ತಪಸ್ಸಿನಿಂದ ಬಂದ ಈ ಅಳತೆಯನ್ನು ನಾವು ಮಾಡುವ ಬಗೆ ನೋಡಿ. ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಲಿಫ್ಟು ಕೆಟ್ಟಿದ್ದರಿಂದ ಮೂರನೆಯ ಮಹಡಿಗೆ ಮೆಟ್ಟಿಲು ಹತ್ತಿ, ಕ್ಯೂನಲ್ಲಿ ನಿಂತು, ಕರೆದಾಗ ದಡಬಡಿಸಿ ಒಳಗೆ ಹೋಗಿ, ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂತು, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿಸಿಕೊಂಡು, ಮಗಳ ಮದುವೆಯ ವಿಚಾರ ಮಾತಾಡುತ್ತಾ ಇರುವಾಗ ಯಂತ್ರ ಒಂದು ಸಂಖ್ಯೆ ತೋರಿಸಿತು, ಅವತ್ತೇ ಮಾತ್ರೆಯ ಚೀಟಿ ಬರೆದಾಯಿತು. ಮಾತ್ರೆ ನುಂಗಿದ ಮೇಷ್ಟ್ರಿಗೆ ಎದ್ದು ನಿಂತರೆ ತಲೆ ಸುತ್ತು. ಇನ್ನೊಬ್ಬ ವೈದ್ಯರು ಮನೆಯಲ್ಲೇ ಬೆಳಿಗ್ಗೆ ಸಂಜೆ ಕ್ರಮವಾಗಿ ಅಳೆದು ಬರೆದು ತರಲು ಹೇಳಿ, ಆ ಕಾಗದ ನೋಡಿ, ಔಷಧವನ್ನೇ ನಿಲ್ಲಿಸಿದರು.

ಕ್ರಮ ಎಂದರೆ ದೊಡ್ಡದೇನಲ್ಲ. ಐದು ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನು ಒರಗಿರಬೇಕು, ಕಾಲು ನೆಲ ಮುಟ್ಟಿರಬೇಕು, ತೋಳು ಬರಿದಾಗಿ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಮೂತ್ರದ ಒತ್ತಡ ಇರಬಾರದು, ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು, ಮಾತು ಕೂಡದು, ಒಂದು ಸಲ ನೋಡಿ ಬಿಡಬಾರದು. ತೋಳು ಜೋತುಬಿದ್ದರೆ ಹೆಚ್ಚು ತೋರಿಸುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೂ ಹೆಚ್ಚು. ಬಿಳಿ ಕೋಟು ಕಂಡ ಕೂಡಲೇ ಎದೆ ಡವಗುಟ್ಟುವವರ ಸಂಖ್ಯೆ ಏರುತ್ತದೆ ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ಮಾತು. ಇಷ್ಟು ತಿಳಿದಿದ್ದೂ ರೋಗಿಯ ಸಾಲು ಬಾಗಿಲಾಚೆಗೆ ಬೆಳೆದಿರುವಾಗ ಐದು ನಿಮಿಷವನ್ನು ಎಲ್ಲಿಂದ ತರುವುದು ಎಂಬ ಅವರ ಕಷ್ಟವೂ ಸುಳ್ಳಲ್ಲ. ಆದರೂ ಬದುಕಿನುದ್ದಕ್ಕೂ ನುಂಗಬೇಕಾದ ಮಾತ್ರೆಯನ್ನು ಆ ಐದು ನಿಮಿಷ ತೀರ್ಮಾನಿಸುತ್ತದಲ್ಲವೇ?

ಒಂದೇ ಗೆರೆ ಎಲ್ಲರಿಗೂ ಸಲ್ಲದು ಎಂದೆನಲ್ಲ, ಅದಕ್ಕೆ ನನ್ನ ಮೆಚ್ಚಿನ ದೃಷ್ಟಾಂತ ಒಂದು ಛಾಯಾಚಿತ್ರ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದದ್ದು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಇಬ್ಬರೂ ಅಕ್ಕಪಕ್ಕ ನಿಂತಿದ್ದಾರೆ. ಎತ್ತರ ತೂಕಗಳಿಂದ ಲೆಕ್ಕ ಹಾಕುವ ಬಿಎಂಐ ಇಬ್ಬರದೂ 22.3. ಮೈಯೊಳಗಿನ ಕೊಬ್ಬು ಮಾತ್ರ ಯುಡ್ಕಿನ್ನರದು ನೂರಕ್ಕೆ 9.1, ಯಾಜ್ಞಿಕರದು 21.2. ಬಿಎಂಐ ಎಂಬ ಆ ಸೂತ್ರ 1830ರ ದಶಕದಲ್ಲಿ ಬೆಲ್ಜಿಯಂನ ಕೆತ್ಲೆ ಜನಸಮೂಹದ ಸರಾಸರಿ ತಿಳಿಯಲು ಹಾಕಿದ ಲೆಕ್ಕ. ಒಬ್ಬ ಮನುಷ್ಯನ ಆರೋಗ್ಯ ಹೇಳಲು ಹುಟ್ಟಿದ್ದೇ ಅಲ್ಲ. ಸಣಕಲು ಕೈಕಾಲಿನ, ಸ್ವಲ್ಪವೇ ಹೊಟ್ಟೆ ಬಂದ ನಮ್ಮವರಿಗೆ ಸಕ್ಕರೆ ಕಾಯಿಲೆ ಅಷ್ಟು ಬೇಗ ಬರುವುದೇಕೆ ಎಂಬ ಪ್ರಶ್ನೆಗೆ ಆ ಫೋಟೋ ಒಂದು ಬಾಗಿಲು ತೆರೆಯಿತು. ಕೊರೋನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡು ಕೂತಿದ್ದ ಪಲ್ಸ್ ಆಕ್ಸಿಮೀಟರೂ ಹಾಗೆಯೇ. 1970ರ ದಶಕದಲ್ಲಿ ಜಪಾನಿನ ಅಯೋಯಾಗಿ ಕಂಡುಹಿಡಿದ ಆ ಪುಟ್ಟ ಯಂತ್ರ ಎಷ್ಟೋ ಜೀವ ಉಳಿಸಿತು, ಕೈಮುಗಿಯಬೇಕಾದ ಯಂತ್ರ. ಆದರೆ ಅದು ನೋಡುವುದು ಚರ್ಮದ ಮೂಲಕ ಹಾಯ್ದ ಬೆಳಕನ್ನು. ಕಪ್ಪು ಚರ್ಮದವರಲ್ಲಿ ಆಮ್ಲಜನಕ ನಿಜವಾಗಿ ಇರುವುದಕ್ಕಿಂತ ಹೆಚ್ಚು ಇದೆ ಎಂದು ತೋರಿಸುವ ಸಂಭವ ಹೆಚ್ಚು ಎಂದು 2020ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಎಲ್ಲ ಬಣ್ಣದ ಚರ್ಮದ ಮೇಲೂ ಚೆನ್ನಾಗಿ ಪರೀಕ್ಷಿಸಿದ ಯಂತ್ರ ಬೇಕು ಎಂದು ಜೋರಾಗಿ ಕೇಳುವ ಹಕ್ಕು ನಮ್ಮಂಥ ದೇಶಕ್ಕೆ ಎಲ್ಲರಿಗಿಂತ ಹೆಚ್ಚಾಗಿದೆ.

ಇಷ್ಟು ಹೇಳಿದೆನೆಂದು ಅಳತೆಯ ಮೇಲೆ ನನಗೆ ಮುನಿಸು ಎಂದು ಭಾವಿಸಬೇಡಿ. ಮಮತೆ ಇರುವುದರಿಂದಲೇ ಈ ತಕರಾರು. ಗಲಾಪಗೋಸ್‌ನ ಡ್ಯಾಫ್ನೆ ಮೇಜರ್ ಎಂಬ ಬಂಡೆಯಂಥ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ 1973ರಿಂದ ದಶಕಗಳ ಕಾಲ ಫಿಂಚ್ ಹಕ್ಕಿಗಳ ಕೊಕ್ಕನ್ನು ಒಂದೊಂದಾಗಿ ಕ್ಯಾಲಿಪರಿನಲ್ಲಿ ಹಿಡಿದು ಅಳೆದರು. 1977ರ ಬರಗಾಲದಲ್ಲಿ ಸಣ್ಣ ಬೀಜಗಳು ಮುಗಿದು ಗಟ್ಟಿ ಬೀಜ ಒಡೆಯಬಲ್ಲ ದಪ್ಪ ಕೊಕ್ಕಿನವೇ ಹೆಚ್ಚಾಗಿ ಬದುಕಿದವು. ಸರಾಸರಿ ಕೊಕ್ಕಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚಿತು. ಡಾರ್ವಿನ್ ಲಕ್ಷಾಂತರ ವರ್ಷಗಳ ಕೆಲಸವೆಂದು ಭಾವಿಸಿದ್ದ ವಿಕಾಸವನ್ನು ಅವರು ಕಣ್ಣೆದುರೇ ಕಂಡರು. ಅಳೆಯುವ ಕೈ ವರ್ಷದಿಂದ ವರ್ಷಕ್ಕೆ ಒಂದೇ ರೀತಿ ಹಿಡಿಯದೇ ಹೋಗಿದ್ದರೆ ಆ ಅರ್ಧ ಮಿಲಿಮೀಟರು ಯಾರಿಗೂ ಕಾಣುತ್ತಿರಲಿಲ್ಲ.

ನನ್ನ ಮಟ್ಟಿಗೆ ಲೋಕದ ಅತ್ಯುತ್ತಮ ಅಳತೆಯ ಸಾಧನ ಯಾವುದೆಂದರೆ ನಮ್ಮ ಅಂಗನವಾಡಿಯ ಪಟ್ಟಿ. ಕರ್ನಾಟಕದಲ್ಲಿ ಅಂಗನವಾಡಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇವತ್ತು ಅಲ್ಲಿ ಮಗುವಿನ ತೋಳಿನ ನಡುಭಾಗಕ್ಕೆ ಸುತ್ತುವ ಒಂದು ಬಣ್ಣದ ಪಟ್ಟಿ ಇದೆ: 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು, 12.5ರವರೆಗೆ ಹಳದಿ, ಮೇಲೆ ಹಸಿರು. ಆರು ತಿಂಗಳಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಅದೇ. ಬ್ಯಾಟರಿ ಬೇಡ, ಕರೆಂಟು ಬೇಡ, ಅಕ್ಷರವೂ ಬೇಡ. ಕೆಂಪು ಕಂಡರೆ ಆ ಮಗುವಿನ ಜೀವಕ್ಕೆ ಅಪಾಯವಿದೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು ಎಂದರ್ಥ. ತೂಕದ ಯಂತ್ರ, ಬೆಳವಣಿಗೆಯ ನಕ್ಷೆ ಎಲ್ಲ ಇವೆ. ಆ ನಕ್ಷೆಗೆ ಆಧಾರವಾದ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡಕ್ಕಾಗಿ ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕದ ಮಕ್ಕಳ ಜತೆಗೆ ದೆಹಲಿಯ ಮಕ್ಕಳನ್ನೂ ಅಳೆದಿದ್ದರು. ಎದೆಹಾಲು ಕುಡಿದು, ಸರಿಯಾದ ಆರೈಕೆ ಸಿಕ್ಕರೆ ಈ ಎಲ್ಲ ದೇಶದ ಮಕ್ಕಳೂ ಮೊದಲ ಐದು ವರ್ಷ ಹೆಚ್ಚುಕಡಿಮೆ ಒಂದೇ ಸಮನೆ ಬೆಳೆಯುತ್ತಾರೆ ಎಂದು ಅದು ತೋರಿಸಿತು. ನಮ್ಮ ಮಕ್ಕಳು ಹುಟ್ಟಾ ಗಿಡ್ಡ ಎನ್ನುವ ಸಬೂಬಿಗೆ ಅಲ್ಲಿಗೆ ತೆರೆ ಬಿತ್ತು. ಅಂಗನವಾಡಿಯ ಕಾರ್ಯಕರ್ತೆ ರಚ್ಚೆ ಹಿಡಿದ ಮಗುವನ್ನು ರಮಿಸುತ್ತಾ, ಪಟ್ಟಿ ಬಿಗಿಯಾಗದಂತೆ, ಸಡಿಲವೂ ಆಗದಂತೆ ಸುತ್ತಿ ಓದುವಾಗ ಮಾಡುತ್ತಿರುವುದು ಸೆವ್ರ್‌ನ ವಿಜ್ಞಾನಿಗಳು ಮಾಡಿದಷ್ಟೇ ಮಹತ್ವದ ಕೆಲಸ. ಅವಳಿಗೆ ಸಿಗುವ ಸಂಬಳವನ್ನು ಅಳೆದವರು ಮಾತ್ರ ಸೇರನ್ನು ಬಹಳ ಬಿಗಿಯಾಗಿ ಸವರಿದ್ದಾರೆ.

ಹುಟ್ಟಿದ ಮಗುವಿಗೂ ಇಂಥದೊಂದು ಅಳತೆ ಇದೆ. ನ್ಯೂಯಾರ್ಕಿನ ಅರಿವಳಿಕೆ ತಜ್ಞೆ ವರ್ಜೀನಿಯಾ ಎಪ್ಗಾರ್ 1952ರಲ್ಲಿ ರೂಪಿಸಿದ್ದು: ಎದೆಬಡಿತ, ಉಸಿರು, ಸ್ನಾಯುಗಳ ಬಿಗಿ, ಕೆಣಕಿದರೆ ಪ್ರತಿಕ್ರಿಯೆ, ಮೈಬಣ್ಣ. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು. ಒಟ್ಟು ಹತ್ತು. ಹುಟ್ಟಿದ ಒಂದು ನಿಮಿಷಕ್ಕೆ ಒಮ್ಮೆ, ಐದು ನಿಮಿಷಕ್ಕೆ ಇನ್ನೊಮ್ಮೆ. ದಶಾಂಶವಿಲ್ಲ, ಯಂತ್ರವಿಲ್ಲ. ಆದರೆ ಅಂಕ ಕೊಡಬೇಕಾದರೆ ಯಾರಾದರೂ ಮಗುವಿನ ಬಳಿ ನಿಂತು ಅದನ್ನೇ ನೋಡಬೇಕಲ್ಲ! ಅಲ್ಲಿಯವರೆಗೆ ಎಲ್ಲರ ಗಮನವೂ ತಾಯಿಯ ಮೇಲೆಯೇ ಇದ್ದು, ಉಸಿರಿಗಾಗಿ ತಡವರಿಸುವ ಕೂಸು ಪಕ್ಕದಲ್ಲೇ ಕೈತಪ್ಪಿ ಹೋಗುತ್ತಿತ್ತು. ಆ ಹತ್ತು ಅಂಕಗಳ ಹಿಂದೆ ಯಾರನ್ನೂ ಪಾಸು ನಪಾಸು ಮಾಡುವ ಉದ್ದೇಶವಿಲ್ಲ. ಕಡಿಮೆ ಬಂದರೆ ಕೂಡಲೇ ಓಡಿಬನ್ನಿ ಎಂಬ ಕರೆ ಮಾತ್ರ.

ಅಂಕ ಎಂದ ಮೇಲೆ ಶಾಲೆಗೆ ಬರದೆ ವಿಧಿಯಿಲ್ಲ. ಅದಕ್ಕೂ ಮುಂಚೆ ಗ್ರೀನಿಚ್ ವೇಧಶಾಲೆಯ ಒಂದು ಸಣ್ಣ ಕಥೆ ಕೇಳಿ. 1796ರಲ್ಲಿ ಅಲ್ಲಿಯ ಮುಖ್ಯಸ್ಥ ಮಾಸ್ಕಲೈನ್ ತನ್ನ ಸಹಾಯಕ ಕಿನ್ನೆಬ್ರೂಕ್‌ನನ್ನು ಕೆಲಸದಿಂದ ತೆಗೆದುಹಾಕಿದ. ತಪ್ಪೇನು? ನಕ್ಷತ್ರ ದೂರದರ್ಶಕದ ತಂತಿ ದಾಟುವ ಹೊತ್ತನ್ನು ಮಾಸ್ಕಲೈನ್‌ಗಿಂತ ಸುಮಾರು 0.8 ಸೆಕೆಂಡ್ ತಡವಾಗಿ ಬರೆಯುತ್ತಿದ್ದ. ಎಷ್ಟೋ ವರ್ಷಗಳ ನಂತರ ಜರ್ಮನಿಯ ಬೆಸೆಲ್ ಆ ಕಥೆ ಓದಿ, ಒಳ್ಳೊಳ್ಳೆಯ ಖಗೋಳಜ್ಞರನ್ನೇ ಕೂಡಿಸಿ ಪರೀಕ್ಷಿಸಿದರೆ, ಇಬ್ಬರ ಕಣ್ಣು ಕಿವಿ ಎಲ್ಲೂ ಒಂದೇ ಅಲ್ಲ! ಕಿನ್ನೆಬ್ರೂಕ್ ಸೋಮಾರಿಯಲ್ಲ, ಅಳೆಯುವ ಪ್ರತಿಯೊಬ್ಬನೂ ತನ್ನದೊಂದು ಪಾಲನ್ನು ಅಳತೆಗೆ ಬೆರೆಸುತ್ತಾನೆ. ಅದು ತಿಳಿಯುವ ಹೊತ್ತಿಗೆ ಪಾಪ, ಆ ಹುಡುಗ ಸತ್ತುಹೋಗಿದ್ದ.

ನಕ್ಷತ್ರ ನೋಡುವವರದೇ ಹೀಗಾದರೆ ಉತ್ತರಪತ್ರಿಕೆ ನೋಡುವವರದು ಹೇಗಿರಬೇಡ? 1888ರಲ್ಲೇ ಇಂಗ್ಲೆಂಡಿನ ಎಜ್‌ವರ್ತ್ ಎಂಬ ಪಂಡಿತ, ಪರೀಕ್ಷೆಯ ಫಲಿತಾಂಶದಲ್ಲಿ ಆಕಸ್ಮಿಕದ ಪಾಲು ಎಷ್ಟು ಎಂದು ಲೆಕ್ಕ ಹಾಕಿ ತೋರಿಸಿದ್ದ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ಹಲವು ಶಾಲೆಗಳಿಗೆ ಕಳಿಸಿದರು. 142 ಶಿಕ್ಷಕರು ತಿದ್ದಿ ಕಳಿಸಿದ ಅಂಕಗಳು ನೂರಕ್ಕೆ 64ರಿಂದ 98ರವರೆಗೆ ಹರಡಿದ್ದವು. ಭಾಷೆಯ ವಿಷಯ, ರುಚಿ ಬೇರೆಬೇರೆ ಎಂದು ಜನ ಸಮಾಧಾನ ಹೇಳಿದ್ದಕ್ಕೆ ರೇಖಾಗಣಿತದ ಪತ್ರಿಕೆಯನ್ನೂ ಕಳಿಸಿ ನೋಡಿದರು. ಅಲ್ಲಿ ಹರವು ಇನ್ನೂ ಜಾಸ್ತಿ: ಅದೇ ಪತ್ರಿಕೆಗೆ ಒಬ್ಬರು 30ಕ್ಕೂ ಕಡಿಮೆ ಕೊಟ್ಟರೆ ಇನ್ನೊಬ್ಬರು 90ಕ್ಕೂ ಹೆಚ್ಚು ಕೊಟ್ಟಿದ್ದರು. ಮಾದರಿ ಉತ್ತರ, ಎರಡನೆಯವರ ತಪಾಸಣೆ ಇವೆಲ್ಲ ಬಂದ ಮೇಲೆ ಈ ಅಂತರ ಬಹಳ ಕುಗ್ಗಿದೆ. ಸೊನ್ನೆಯಾಗಿಲ್ಲ, ಆಗುವುದೂ ಇಲ್ಲ.

ನನ್ನ ಸೋದರತ್ತೆಯ ಮಗಳು ಗಣಿತದಲ್ಲಿ 34 ಬಂದು ಎಸ್ಸೆಸ್ಸೆಲ್ಸಿ ನಪಾಸಾದಳು. ಆಗ 35 ಬಂದರೆ ಪಾಸು. ಫಲಿತಾಂಶದ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮತ್ತೆ ಕಟ್ಟಿಸಿ ಎಂದು ಹೇಳುವಷ್ಟು ಧೈರ್ಯ ಅವಳಿಗಿರಲಿಲ್ಲ, ಕಟ್ಟು ಎಂದು ಹೇಳುವವರು ಮನೆಯಲ್ಲಿರಲಿಲ್ಲ. ವರ್ಷ ತುಂಬುವುದರೊಳಗೆ ಮದುವೆ ಮಾಡಿದರು. ಇವತ್ತು ಅವಳು ತನ್ನೂರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾಳೆ. ಯಾರ ಸಾಲ ಎಷ್ಟು, ಬಡ್ಡಿ ಎಷ್ಟು, ಯಾವ ವಾರದ ಕಂತು ಬಾಕಿ ಎಲ್ಲ ಪುಸ್ತಕ ತೆರೆಯದೆ ಹೇಳುತ್ತಾಳೆ. ಆ 34ನ್ನು ಕೊಟ್ಟವರು ಅನ್ಯಾಯ ಮಾಡಿದರೆಂದು ನಾನು ಹೇಳುತ್ತಿಲ್ಲ. ಅದೇ ಪತ್ರಿಕೆ ಬೇರೆ ಕೈಗೆ ಹೋಗಿದ್ದರೆ 32 ಬರಬಹುದಿತ್ತು, 37 ಬರಬಹುದಿತ್ತು. ಯಾವ ಮಾಪನಶಾಸ್ತ್ರಜ್ಞನನ್ನು ಕೇಳಿದರೂ 34 ಮತ್ತು 35ರ ನಡುವೆ ಇರುವ ಆ ಒಂದು ಅಂಕ ಅಳತೆಯ ದೋಷದೊಳಗೇ ಮುಳುಗಿಹೋಗಿದೆ ಎನ್ನುತ್ತಾನೆ. ಒಂದು ಹೆಣ್ಣುಮಗುವಿನ ಓದು ನಿಂತದ್ದು ಆ ದೋಷದ ಮೇಲೆ.

ಬುದ್ಧಿ ಅಳೆಯುವ ಪರೀಕ್ಷೆಯ ಚರಿತ್ರೆಯಲ್ಲೂ ಇದೇ ಪಾಠ. ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಅದನ್ನು ಮಾಡಿದ್ದು ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ಸಹಾಯ ಕೊಡಲು. ಬುದ್ಧಿ ಹುಟ್ಟಿನಿಂದಲೇ ನಿಗದಿಯಾದದ್ದು ಎಂಬ ಮಾತನ್ನು ಅವನು ಒಪ್ಪಲೇ ಇಲ್ಲ. ಅವನ ನಂತರ ಅಮೆರಿಕದಲ್ಲಿ ಅದೇ ಪರೀಕ್ಷೆಯನ್ನು ವಲಸಿಗರ ಹಣೆಯ ಮೇಲೆ ಮಂದಬುದ್ಧಿಯ ಮುದ್ರೆ ಒತ್ತಲು ಬಳಸಿದರು. ಭಾಷೆ ತಿಳಿಯದವನನ್ನು ಅವನಿಗೆ ತಿಳಿಯದ ಲೋಕದ ಪ್ರಶ್ನೆ ಕೇಳಿ ಅಳೆದರೆ ಸಿಗುವುದು ಅವನ ಬುದ್ಧಿಯ ಅಳತೆಯಲ್ಲ. ಇದನ್ನು ಚೆನ್ನಾಗಿ ಅರಿತವರು ನಮ್ಮ ವಿ. ವಿ. ಕಾಮತರು. 1930ರ ದಶಕದಲ್ಲಿ ಅವರು ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ, ಇಲ್ಲಿಯ ಮಕ್ಕಳನ್ನೇ ಪರೀಕ್ಷಿಸಿ ಮಟ್ಟಗಳನ್ನು ನಿಗದಿ ಮಾಡಿದರು. ಬಿನೆ–ಕಾಮತ್ ಪರೀಕ್ಷೆ ಎಂದು ಇಂದಿಗೂ ಅದು ಮಕ್ಕಳ ಮನೋವೈದ್ಯಕೀಯ ವಿಭಾಗಗಳಲ್ಲಿ ಬಳಕೆಯಲ್ಲಿದೆ. ಕನ್ನಡದ ಮಗುವನ್ನು ಕನ್ನಡದಲ್ಲಿ ಕೇಳಬೇಕು ಎಂಬ ಆ ನಿರ್ಧಾರಕ್ಕೆ ಸಿಗಬೇಕಾದ ಮನ್ನಣೆ ನಮ್ಮಲ್ಲಿ ಇನ್ನೂ ಸಿಕ್ಕಿಲ್ಲ.

ಅಂಗಡಿಯ ತಕ್ಕಡಿಗೆ ಕಾನೂನು ಮಾಪನ ಇಲಾಖೆಯವರು ಕಾಲಕಾಲಕ್ಕೆ ಮುದ್ರೆ ಒತ್ತುತ್ತಾರೆ, ಥರ್ಮಾಮೀಟರಿಗೂ ಬಿ.ಪಿ. ಯಂತ್ರಕ್ಕೂ ನಿಯಮಗಳಿವೆ. ಮಕ್ಕಳ ಅಂಕಕ್ಕೆ ಮಾತ್ರ ಅಂಥ ಮುದ್ರೆ ಇಲ್ಲ. ಅಮೆರಿಕದ ದೊಡ್ಡ ಪ್ರವೇಶ ಪರೀಕ್ಷೆಗಳನ್ನು ನಡೆಸುವವರು ತಮ್ಮ ಅಂಕಗಳು ಎಷ್ಟು ಆಚೀಚೆ ಇರಬಹುದು ಎಂಬುದನ್ನು ಲೆಕ್ಕ ಹಾಕಿ ಪ್ರಕಟಿಸುತ್ತಾರೆ. ನಮ್ಮ ಪರೀಕ್ಷಾ ಮಂಡಳಿಗಳೂ ಅಂಕಪಟ್ಟಿಯಲ್ಲಿ ಪ್ರತಿ ಅಂಕದ ಪಕ್ಕ ಆ ಎರಡನೆಯ ಸಂಖ್ಯೆಯನ್ನು ಅಚ್ಚು ಹಾಕಲಿ ಎಂಬುದು ನನ್ನ ವಿನಂತಿ. ಒಂದು ಅಂಕದ ಕಾರಣಕ್ಕೆ ಕಾಲೇಜಿನ ಬಾಗಿಲು ಮುಚ್ಚುವವರು ಅದನ್ನು ಓದಿ ಒಮ್ಮೆ ಯೋಚಿಸಲಿ.

ನಿಮ್ಮಲ್ಲೂ ಕೆಲವು ಕೋರಿಕೆ. ಬಿ.ಪಿ. ನೋಡಿಸುವಾಗ ಐದು ನಿಮಿಷ ಕೂರಲು ಬಿಡಿ ಎಂದು ಕೇಳಿ, ಕೇಳುವುದರಲ್ಲಿ ಅವಮಾನವಿಲ್ಲ. ನಿಮ್ಮ ಊರಿನ ಅಂಗನವಾಡಿಯಲ್ಲಿ ತೂಕದ ಯಂತ್ರ ಕೆಟ್ಟು ಮೂಲೆಗೆ ಬಿದ್ದಿದ್ದರೆ ಗ್ರಾಮಸಭೆಯಲ್ಲಿ ಎದ್ದುನಿಂತು ಹೇಳಿ. ಮನೆಯ ಮಗುವಿಗೆ ಒಂದೆರಡು ಅಂಕ ಕಡಿಮೆ ಬಂದು ನಪಾಸು ಎಂದಾದರೆ ಅತ್ತು ಸುಮ್ಮನಾಗಬೇಡಿ, ಉತ್ತರಪತ್ರಿಕೆಯ ಪ್ರತಿ ತರಿಸಿ ಓದಿ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ. ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಅದಕ್ಕೆ ಅವಕಾಶ ಇದೆ.